ಮೈಕ್ ಭಾವನ ಮಾತು

ವಿಠಲ ಭಾವ ಊಟಕ್ಕೆ ಕೂತು ಉಪ್ಪು ಕೇಳುವಾಗಲೂ ಮೈಕ್ ಹಿಡಿದವರಂತೆ ಎಡಗೈಯಿಂದ ಕಿವಿ ಮುಚ್ಚಿಕೊಂಡು ಕೂಗುತ್ತಿದ್ದರು. ಗಡಿಯ ಊರಾದ ಉಪ್ಪಳದಲ್ಲಿ ಜೀಪಿಗೆ ಮೈಕ್ ಕಟ್ಟಿಕೊಂಡು ಅಂಗಡಿಯ ಉದ್ಘಾಟನೆ, ಕಬಡ್ಡಿ ಪಂದ್ಯ, ಕಳೆದುಹೋದ ಆಡು ಎಲ್ಲವನ್ನೂ ಸಾರುವುದು ಅವರ ಕೆಲಸ. ಹೈವೇಯಲ್ಲಿ ಕನ್ನಡ, ರೈಲ್ವೆ ಸ್ಟೇಷನ್ನಿನ ಬಳಿ ಮಲಯಾಳ, ಬಾಯಾರು ಹಳ್ಳಿಯ ದಾರಿ ಹಿಡಿದರೆ ತುಳು. ವಾಕ್ಯದ ನಡುವೆ ಭಾಷೆ ಬದಲಾದರೂ ಉಸಿರು ಬದಲಾಗುತ್ತಿರಲಿಲ್ಲ.

"ನಾನು ಇಲ್ಲೇ ಇದ್ದೇನೆ ಮಾರಾಯ್ರೆ, ಮಂಜೇಶ್ವರದಲ್ಲಿ ಅಲ್ಲ" ಎಂದು ನನ್ನ ಅಕ್ಕ ಗಂಡನ ಮೇಲೆ ರೇಗುತ್ತಿದ್ದಳು.

ಕಳೆದ ವರ್ಷ ಅವರ ಎಡಗಣ್ಣಿನ ರೆಪ್ಪೆ ಜೋತುಬಿತ್ತು. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿದರು. ಮಿದುಳಿನ ರಕ್ತನಾಳ ಒಂದು ಕಡೆ ಗುಳ್ಳೆಯಂತೆ ಉಬ್ಬಿತ್ತು. ಒಡೆದರೆ ಜೀವ ಉಳಿಯುವುದು ಕಷ್ಟ. ತೊಡೆಯ ನಾಳದಿಂದ ಸಪೂರ ಕೊಳವೆ ತೂರಿಸಿ, ಉಬ್ಬಿನ ಬಾಯಿಗೆ ಪುಟ್ಟ ಬಲೂನು ಒತ್ತಿ ಹಿಡಿದು, ಒಳಗೆ ಒಂದು ದ್ರವ ತುಂಬುತ್ತೇವೆ, ಅದು ಅಲ್ಲೇ ಗಟ್ಟಿಯಾಗುತ್ತದೆ ಎಂದರು ಡಾಕ್ಟರು. ಒಂದು ಹನಿ ಹೊರಗೆ ಜಾರಿದರೆ, ಅಥವಾ ಆಮೇಲೆ ಅಲ್ಲಿ ರಕ್ತ ಹೆಪ್ಪುಗಟ್ಟಿದರೆ, ಮಾತು ಹೋಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಹೊರಗೆ ಬಂದ ಭಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಸತ್ತರೆ ಸಾಯುವ. ಮಾತು ಹೋದ್ರೆ ಮತ್ತೆ ನಾನು ಎಂತಕ್ಕೆ?"

ಚಿಕಿತ್ಸೆ ಮುಗಿದ ಸಂಜೆ ಮೊದಲು ಒಳಗೆ ಹೋದವನು ನಾನು. ಆಮೇಲೆ ಬಂದ ಅಕ್ಕ ಅವರ ಮುಖದ ಮೇಲೆ ಬಗ್ಗಿದವಳು ತಟ್ಟನೆ ನನ್ನತ್ತ ತಿರುಗಿದಳು.

"ಬೆಳ್ಳುಳ್ಳಿ ವಾಸನೆ! ಎಂತ ತಿನ್ನಿಸಿದ್ದು ನೀನು ಇವರಿಗೆ? ಮೀನಿನ ಪುಳಿಮುಂಚಿಯಾ?"

ಮಲಯಾಳಿ ನರ್ಸ್ ನಕ್ಕಳು. "ತಿಂದದ್ದಲ್ಲ ಚೇಚಿ, ತಲೆಗೆ ತುಂಬಿದ ಮದ್ದಿನ ವಾಸನೆ. ಉಸಿರಲ್ಲಿ ಬರ್ತದೆ."

ಭಾವ ಕಣ್ಣು ತೆರೆದರು. "ತಲೆಗೆ ಒಗ್ಗರಣೆ ಹಾಕಿದ್ದಾರೆ ಮಾರಾಯ್ತಿ!"

ಅಕ್ಕ ನಗುತ್ತಲೇ ಅತ್ತಳು. ಮಾತು ಉಳಿದಿತ್ತು.

ಮರುದಿನ ಬೆಳಿಗ್ಗೆ ವಾಸನೆ ಇನ್ನೂ ಇತ್ತು, ಮಾತು ಇರಲಿಲ್ಲ. ಬಲಗೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಡಾಕ್ಟರು ಓಡಿ ಬಂದರು, ಹೆಪ್ಪುಗಟ್ಟಿದ ರಕ್ತ ಕರಗಿಸಲು ಮಾಡಬೇಕಾದ್ದನ್ನೆಲ್ಲ ಮಾಡಿದರು.

ಮನೆಗೆ ಬಂದ ಮೇಲೆ ಮರಳಿದ್ದು ಎರಡೇ ಪದ. ಎಷ್ಟೋ ವರ್ಷ ಪ್ರತಿಯೊಂದು ಪ್ರಚಾರವನ್ನೂ ಶುರುಮಾಡುತ್ತಿದ್ದ "ಆತ್ಮೀಯ ಬಂಧುಗಳೇ". ಸ್ಪಷ್ಟವಾಗಿ, ತುಂಬಿದ ದನಿಯಲ್ಲಿ. ಅದರ ಮುಂದೆ ಏನೂ ಇಲ್ಲ. ಹಸಿವೆಗೂ ಅದೇ, ನೋವಿಗೂ ಅದೇ. ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ಉಳಿದದ್ದಕ್ಕೆ ಕಾಯುತ್ತಿದ್ದರು.

ಭಾವ ತೀರಿಕೊಂಡದ್ದು ಈ ವರ್ಷ ಮಳೆಗಾಲ ಶುರುವಾಗುವ ಮೊದಲು. ಅದಕ್ಕೆ ಒಂದೆರಡು ದಿನ ಮುಂಚೆ ನಾನು ನೋಡಲು ಹೋಗಿದ್ದೆ. ನನ್ನ ಮಣಿಕಟ್ಟು ಹಿಡಿದು, "ಆತ್ಮೀಯ ಬಂಧುಗಳೇ" ಎಂದರು.

"ನೀರು ಬೇಕಾ ಭಾವ? ಫ್ಯಾನ್ ಹಾಕುವುದಾ? ಅಕ್ಕನನ್ನು ಕರೆಯುವುದಾ?"

ಒಂದೊಂದಕ್ಕೂ ಇಲ್ಲವೆಂದು ತಲೆ ಆಡಿಸಿದರು. ಮತ್ತೆ ಅದನ್ನೇ ಹೇಳಿದರು, ನಿಧಾನವಾಗಿ, ನನ್ನ ಕಣ್ಣನ್ನೇ ನೋಡುತ್ತ. ನನ್ನಲ್ಲಿ ಬೇರೆ ಪ್ರಶ್ನೆ ಉಳಿದಿರಲಿಲ್ಲ. ಅರ್ಥವಾಯಿತು ಎಂಬಂತೆ ಹೂಂಗುಟ್ಟಿದೆ.

ಭಾವ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕೈ ಬಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದರು.