ದೇವದಾಸ ಬರೆಯದೆ ಬಿಟ್ಟ ಚೌಕ

ಕರುಣಮ್ಮ, ನಿಮ್ಮ ಗಂಡ ದೇವದಾಸ "ಕರ್ತನು ಬರುವುದೇ ಇಲ್ಲ" ಎಂದು ಯಾವತ್ತೂ ಹೇಳಲಿಲ್ಲ. ಹಾಗೆ ಹೇಳಿದನೆಂದು ಸಭೆಯ ಹಿರಿಯರ ಮುಂದೆ ಸಾಕ್ಷಿ ನುಡಿದವನು ನಾನು. ಅದು ಸುಳ್ಳೆಂದು ನುಡಿಯುವಾಗಲೇ ನನಗೆ ಗೊತ್ತಿತ್ತು. ನೀವು ನಮ್ಮ ಮನೆಯ ಗೇಟಿಗೆ ಬಂದು ಕೇಳಿದಾಗಲೂ ಅದನ್ನೇ ಹೇಳಿದೆ — ನೀವು ಗಂಡನ ಮಾತು ಬಿಟ್ಟು ನನ್ನ ಮಾತು ನಂಬಿದಿರಿ.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಬೇರೆ ರೀತಿ ನನಗೆ ಬರುವುದಿಲ್ಲ.

ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮೆರಡು ಮನೆಗಳೂ ಒಂದೇ ಸಾಲಿನಲ್ಲಿದ್ದವು. ಕಾರ್ಖಾನೆಯಲ್ಲಿ ನಾನು ಫೋರ್‌ಮನ್, ಅವನು ಬೋರ್ಡು ಬರೆಯುವ ಪೇಂಟರ್. ನಾನು ಮಿಶನ್ ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದರೆ ಎದ್ದು, ಗಂಟೆ ಬಾರಿಸಿದರೆ ಉಂಡು ಬೆಳೆದವನು. "ಸೈರನ್ ತಪ್ಪಿದ್ರೂ ಸಾಮುವೇಲಣ್ಣ ತಪ್ಪಲ್ಲ" ಎಂದು ನೆರೆಯವರು ನಗುತ್ತಿದ್ದರು. ನನಗೂ ಆ ಮಾತು ಇಷ್ಟವಾಗುತ್ತಿತ್ತು. ಸಭೆ ನನ್ನನ್ನು ಹಿರಿಯನನ್ನಾಗಿ ಆರಿಸಿದ್ದೂ ಬಹುಶಃ ಅದಕ್ಕೇ.

ಆ ವರ್ಷ ವಿಶೇಷ ಕೂಟಗಳಿದ್ದವು. ಹೊರಗಿನಿಂದ ಬೋಧಕರು ಬರುವವರಿದ್ದರು. ವಿಷಯ ಅಂತ್ಯಕಾಲ, ಲೋಕದ ಕೊನೆಯ ದಿನಗಳು. ಅದಕ್ಕಾಗಿ ಗೋಡೆಯುದ್ದದ ಬಟ್ಟೆಯ ಮೇಲೆ ಒಂದು ಚಿತ್ರಪಟ ಬರೆಸುವ ಜವಾಬ್ದಾರಿ ನನ್ನದಾಯಿತು. ಸೃಷ್ಟಿಯಿಂದ ಹಿಡಿದು ಒಂದೊಂದು ಕಾಲಕ್ಕೆ ಒಂದೊಂದು ಚೌಕ. ಆಮೇಲೆ ಮೋಡದಲ್ಲಿ ತುತೂರಿ, ಭಕ್ತರು ಮೇಲಕ್ಕೆ ಎತ್ತಲ್ಪಡುವುದು. ಕಪ್ಪು ಬಣ್ಣದಲ್ಲಿ, ಉಳಿದವರಿಗೆ ಬರುವ ಮಹಾ ಸಂಕಟ. ಕರ್ತನಾದ ಕ್ರಿಸ್ತನು ಇಳಿದು ಬರುವುದು. ಅದರ ಪಕ್ಕ ಚಿನ್ನದ ಬಣ್ಣದ ದೊಡ್ಡ ಚೌಕ — ಭೂಮಿಯ ಮೇಲೆ ಆತನ ಸಾವಿರ ವರ್ಷದ ಆಳ್ವಿಕೆ. ನಮ್ಮ ಸಭೆ ನಂಬುವುದು ಇದನ್ನು, ಇದೇ ಕ್ರಮದಲ್ಲಿ. ಶನಿವಾರ ಸಂಜೆಯೊಳಗೆ ಪಟ ಗೋಡೆಯ ಮೇಲಿರುತ್ತದೆ ಎಂದು ನಾನು ಮಾತು ಕೊಟ್ಟಿದ್ದೆ.

ದೇವದಾಸ ಶಿಫ್ಟು ಮುಗಿಸಿ ಬಂದು ಸಭೆಯ ಹಾಲಿನಲ್ಲಿ ಬಟ್ಟೆ ಹಾಸಿಕೊಂಡು ಬರೆಯುತ್ತಿದ್ದ. ಒಂದೊಂದು ಚೌಕ ಬರೆಯುವ ಮೊದಲು ಅದರ ಬೈಬಲ್ ವಾಕ್ಯಗಳನ್ನು ಓದಿಕೊಳ್ಳುತ್ತಿದ್ದ. ಒಂದು ಸಂಜೆ ತಮಾಷೆ ಮಾಡಿದ: "ಮಾರಾಯ, ಸಾವಿರ ವರ್ಷಕ್ಕೆ ಬಟ್ಟೆ ಸಾಲಲ್ಲ." ಸಾಲದಿದ್ದರೆ ಇನ್ನೊಂದು ತುಂಡು ಹೊಲಿಸು ಎಂದೆ. "ಕರ್ತನ ಆಳ್ವಿಕೆಗೇ ತೇಪೆ ಹಾಕ್ತೀಯಲ್ಲೋ" ಎಂದು ನಕ್ಕ.

ಶನಿವಾರ ಮಧ್ಯಾಹ್ನ ಹೋಗಿ ನೋಡಿದರೆ ಎಲ್ಲ ಮುಗಿದಿತ್ತು, ಚಿನ್ನದ ಚೌಕವೊಂದು ಬಿಟ್ಟು. ಬ್ರಷ್ಷುಗಳನ್ನು ತೊಳೆದಿಟ್ಟು ಕೂತಿದ್ದ.

"ಇದೊಂದು ಬೇರೆಯವರ ಕೈಲಿ ಹಾಕಿಸು ಸಾಮುವೇಲಣ್ಣ. ಓದ್ತಾ ಓದ್ತಾ ನಂಗೆ ಹಾಗೆ ಕಾಣಿಸ್ತಿಲ್ಲ. ಆತ ಬಂದ ಮೇಲೆ ಆಳ್ತಾನೆ ಅಂತ ನಾವಂತೀವಿ. ಲೋಕ ನೆಟ್ಟಗಾದ ಮೇಲೆ ಬರ್ತಾನೆ ಅನ್ನೋರೂ ಇದಾರೆ. ನಂಗೆ ಆತ ಈಗ್ಲೇ ಆಳ್ತಾ ಇದಾನೆ ಅನ್ಸುತ್ತೆ. ಆ ಸಾವಿರ ನಾವು ಎಣಿಸೋ ಸಾವಿರ ಅಲ್ಲ. ಬರೋದಂತೂ ಬಂದೇ ಬರ್ತಾನೆ. ಅದ್ರಲ್ಲಿ ನಂಗೆ ಅನುಮಾನ ಇಲ್ಲ."

ಅಷ್ಟೇ ಅವನು ಹೇಳಿದ್ದು.

ನನಗೆ ಸಿಟ್ಟು ಬಂತು. ನಂಬಿಕೆಗೆ ಕುಂದು ಬಂತೆಂದು ಸಿಟ್ಟೇ? ಇಷ್ಟು ವರ್ಷ ಹಾಗೆಂದೇ ಹೇಳಿಕೊಂಡೆ. ಅಲ್ಲ — ಸಂಜೆಯೊಳಗೆ ಮುಗಿಯಬೇಕಾದ ಕೆಲಸ ಮುಗಿದಿರಲಿಲ್ಲ, ಹಿರಿಯರೆದುರು ನನ್ನ ಮಾತು ತಪ್ಪುವುದಿತ್ತು. ಅದಕ್ಕೇ.

ಚೌಕ ಖಾಲಿ ಉಳಿದದ್ದು ಕಂಡು ಹಿರಿಯರು ಕೂಡಿದರು. ಎಲ್ಲರಿಗಿಂತ ವಯಸ್ಸಾದವರು, ತಮಿಳು ಮನೆಮಾತಿನವರು, ನನ್ನನ್ನು ಕೇಳಿದರು: "ಏನು ತಂಬಿ, ಕರ್ತನು ಬರೋದೇ ಇಲ್ಲ ಅಂತಾನಾ ಅವನು?"

"ಹೌದು. ಹಾಗೇ ಅಂದ."

ದೇವದಾಸನನ್ನು ಕರೆಸಿದರು. ವಿವರಿಸಲು ಶುರುಮಾಡಿದ, ಬಿಡಲಿಲ್ಲ. ಚೌಕ ಬರೆಯುತ್ತೀಯಾ ಇಲ್ಲವಾ ಎಂದರು. ಇಲ್ಲ ಎಂದ. ಆಮೇಲೆ ನನ್ನ ಕಡೆ ತಿರುಗಿದ. "ನಾನು ಏನಂದೆ ಅಂತ ಸಾಮುವೇಲಣ್ಣಂಗೆ ಗೊತ್ತು."

ನಾನು ಕೈಗಡಿಯಾರ ನೋಡಿಕೊಂಡೆ.

ಅಂದಿನಿಂದ ಅವನಿಗೆ ಕರ್ತನ ಭೋಜನವಿಲ್ಲ, ಭಾನುವಾರ ಸಭೆಯಲ್ಲಿ ಎಲ್ಲರಿಗೂ ಹಂಚುವ ರೊಟ್ಟಿಯಿಲ್ಲ. ರೊಟ್ಟಿಯ ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದವನು ನಾನೇ. ಕೊನೆಯ ಬೆಂಚಿನಲ್ಲಿ ಅವನು ಮಂಡಿಯ ಮೇಲೆ ಕೈಯಿಟ್ಟು ಕೂತಿರುತ್ತಿದ್ದ, ಉಗುರಿನ ಸಂದಿಯಲ್ಲಿ ಬಣ್ಣ. ತಟ್ಟೆಯನ್ನು ಅವನನ್ನು ದಾಟಿಸಿ ಪಕ್ಕದವನಿಗೆ ಕೊಡುತ್ತಿದ್ದೆ. ಅವನು ಬೇರೆ ಸಭೆಗೆ ಹೋಗಬಹುದಿತ್ತು. ಹೋಗಲಿಲ್ಲ. ನಾನು ಎಂದಾದರೂ ನಿಜ ಹೇಳುತ್ತೇನೆಂದು ಕಾದನೋ ಏನೋ —

ನೀವು ಗೇಟಿಗೆ ಬಂದದ್ದು ಆ ದಿನಗಳಲ್ಲೇ. "ಇವ್ರು ಹಾಗೆ ಅನ್ಲೇ ಇಲ್ಲ ಅಂತಾರೆ. ನೀವ್ ಹೇಳಿ ಅಣ್ಣಾ, ನೀವ್ ಹೇಳಿದ್ರೆ ನಂಬ್ತೀನಿ." ನಿಜ ಹೇಳಲು ಅದಕ್ಕಿಂತ ಸುಲಭದ ಹೊತ್ತು ಮತ್ತೆ ಸಿಗುವಂತಿರಲಿಲ್ಲ. ನಾನೆಂದೆ: "ಅಂದಿದ್ದ ಕಣಮ್ಮ. ಈಗ ಹೆದರಿ ಇಲ್ಲ ಅಂತಾನೆ."

ಆಮೇಲೆ ನಿಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ನೀವು ಗಟ್ಟಿಯಾಗಿ ಪ್ರಾರ್ಥಿಸುವುದು ಬೀದಿಗೆ ಕೇಳುತ್ತಿತ್ತು — ಗಂಡನ ಮನಸ್ಸು ತಿರುಗಲಿ, ಅವನ ಸುಳ್ಳನ್ನು ಕ್ಷಮಿಸು ಎಂದು. ಅವನು ಎದುರಿಗೆ ಕೂತು ಕೇಳಿಸಿಕೊಳ್ಳುತ್ತಿದ್ದ. ಕೊನೆಗೆ ಬರುವ ಆಮೆನ್ ಅವನದೇ ಧ್ವನಿ.

ನಮ್ಮವರು ಮಣ್ಣು ಕೊಡುವಾಗ ಹತ್ತಿರದವರು ಒಂದು ಹಿಡಿ ಮಣ್ಣು ಹಾಕಿ "ಬೆಳಗ್ಗೆ ಸಿಗೋಣ" ಎನ್ನುತ್ತಾರೆ. ತುತೂರಿ ಊದಿ ಸತ್ತವರು ಏಳುವ ಆ ಬೆಳಗ್ಗೆ. ದೇವದಾಸ ತೀರಿಕೊಂಡಾಗ, ಅವನ ಕುಣಿಯ ಪಕ್ಕ ನೀವು ಮುಷ್ಟಿಯಲ್ಲಿ ಮಣ್ಣು ಹಿಡಿದು ನನ್ನ ಮುಖ ನೋಡಿದಿರಿ. "ಹೇಳ್ಬಹುದಾ ಅಣ್ಣಾ?"

ನಾನು ಮುಖ ತಿರುಗಿಸಿದೆ. ನೀವು ಆ ಮಾತು ಹೇಳದೆಯೇ ಮಣ್ಣು ಹಾಕಿದಿರಿ.

ಹೋದ ತಿಂಗಳು ಶಿವಮೊಗ್ಗದಲ್ಲಿ ನಿಮ್ಮ ಮಗಳು ಹೋಗುವ ಚರ್ಚಿನಲ್ಲಿ ಮೊಮ್ಮಗುವಿನ ದೀಕ್ಷಾಸ್ನಾನಕ್ಕೆ ಕರೆದಿದ್ದಿರಿ. ಅಲ್ಲಿನ ಪಾಸ್ಟರು ಪ್ರಸಂಗದ ನಡುವೆ, ಕ್ರಿಸ್ತನು ಈಗಲೇ ಆಳುತ್ತಿದ್ದಾನೆ, ಮತ್ತೆ ಬರುತ್ತಾನೆ, ಆ ಸಾವಿರವನ್ನು ಲೆಕ್ಕ ಹಾಕುತ್ತಾ ಕೂರಬೇಡಿ ಎಂದರು. ಯಾರೂ ಬೆಚ್ಚಲಿಲ್ಲ. ರೊಟ್ಟಿ ಎಲ್ಲರಿಗೂ ಬಂತು, ನನಗೂ ಬಂತು. ಊಟದಲ್ಲಿ ನೀವು ಮೆಲ್ಲಗೆ ಕೇಳಿದಿರಿ: "ನಮ್ಮೆಜಮಾನ್ರು ಮನೇಲಿ ಹೇಳ್ತಿದ್ದಿದ್ದು ಇದೇ ಅಲ್ವಾ ಅಣ್ಣಾ? ನಿಮ್ಮತ್ರ ಮಾತ್ರ ಯಾಕೆ ಬೇರೆ ಹೇಳಿದ್ರು?"

ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಹೊತ್ತಾಗಿರಲಿಲ್ಲ.

ನಾನು ಇಂದಿಗೂ ಸಾವಿರವನ್ನು ಸಾವಿರವೆಂದೇ ನಂಬುತ್ತೇನೆ, ಕರುಣಮ್ಮ. ಅದು ಬದಲಾಗಿಲ್ಲ, ಬದಲಾಯಿತೆಂದು ಹೇಳಿ ನಿಮ್ಮನ್ನು ಮೆಚ್ಚಿಸಲಾರೆ. ಆದರೆ ನಾನು ನಂಬಿದ್ದೇ ನಿಜವಾದರೆ, ತುತೂರಿ ಊದಿದಾಗ ಮೊದಲು ಏಳುವವರಲ್ಲಿ ಅವನಿರುತ್ತಾನೆ. ನನ್ನ ಬಗ್ಗೆ ಅಷ್ಟು ಖಚಿತವಾಗಿ ಹೇಳಲು ಬಾಯಿ ಬರುತ್ತಿಲ್ಲ.

ಪಟ ಇನ್ನೂ ಗೋಡೆಯ ಮೇಲಿದೆ. ಆ ಚೌಕ ಬೇರೆ ಪೇಂಟರನದು. ಬಣ್ಣ ಪಕ್ಕದ್ದಕ್ಕೆ ಹೊಂದುವುದಿಲ್ಲ. ಬರುವ ಭಾನುವಾರ ರೊಟ್ಟಿ ಮುರಿಯುವ ಮೊದಲು ಅದರ ಕೆಳಗೆ ನಿಂತು ಇದಿಷ್ಟನ್ನೂ ಸಭೆಗೆ ಹೇಳುತ್ತೇನೆ. ಆಮೇಲೆ ಕೊನೆಯ ಬೆಂಚಿಗೆ ಹೋಗಿ ಕೂರುತ್ತೇನೆ. ತಟ್ಟೆಯನ್ನು ಬೇರೆ ಯಾರಾದರೂ ಹಿಡಿಯಲಿ. ನನ್ನನ್ನು ದಾಟಿಸಿದರೂ ಸರಿ.

ಅದಕ್ಕೂ ಮೊದಲು, ಶನಿವಾರ, ಶಿವಮೊಗ್ಗಕ್ಕೆ, ನೀವಿರುವ ಮಗಳ ಮನೆಗೆ ಬರುತ್ತೇನೆ. ಬರೆದದ್ದು ಸಾಲದು, ಇದನ್ನು ನಿಮ್ಮ ಮುಖ ನೋಡಿಯೇ ಹೇಳಬೇಕು. ಬೈಯಬೇಕೆನಿಸಿದರೆ ಬೈಯಿರಿ. ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು ಹೇಳಿ ಹೋಗುತ್ತೇನೆ. ಆದರೆ ಒಂದು ಸಲ ಮಗಳನ್ನು ಕರೆದುಕೊಂಡು ಭದ್ರಾವತಿಯ ಸಮಾಧಿಗೆ ಹೋಗಿ ಬನ್ನಿ. ಅಲ್ಲಿ ಒಂದು ಹಿಡಿ ಮಣ್ಣು ಹಾಕಿ. ಅಂದು ನನ್ನ ಮುಖ ನೋಡಿ ನುಂಗಿಕೊಂಡ ಮಾತನ್ನು ಅವನಿಗೆ ಹೇಳಿಬಿಡಿ.

ಯಾರನ್ನೂ ಕೇಳಬೇಡಿ.