ಹುಳುಮನೆಯ ಕಟ್ಟಳೆ

ಅಪ್ಪನಿಗೆ ರಕ್ತದ ಕ್ಯಾನ್ಸರ್ ಇದೆ ಎಂದು ಬೆಂಗಳೂರಿನಲ್ಲಿ ಹೇಳಿದಾಗ ನನಗೆ ಹದಿನಾರು ವರ್ಷ. ತಡವಾಗಿ ಶಾಲೆಗೆ ಸೇರಿದ್ದರಿಂದ ಇನ್ನೂ ಏಳನೇ ಕ್ಲಾಸು. ಕಾಯಿಲೆ ನಿಧಾನದ್ದು, ಮಾತ್ರೆ ನುಂಗಿಕೊಂಡು ಕೆಲವು ವರ್ಷ ಇರಬಹುದು ಎಂದಿದ್ದರು. ಆದರೆ ಆ ವರ್ಷವೇ ಅಪ್ಪನಿಗೆ ಎರಡು ಸಲ ನ್ಯುಮೋನಿಯ ಬಂತು. ಎರಡೂ ಸಲ ಮನೆಯಲ್ಲಿ ಯಾರಿಗೋ ಆದ ನೆಗಡಿಯಿಂದ ಶುರುವಾದದ್ದು. ಇವರ ರಕ್ತಕ್ಕೆ ರೋಗದ ಜೊತೆ ಹೋರಾಡುವ ಶಕ್ತಿಯಿಲ್ಲ, ಮೂರನೇ ಸಲ ಬಂದರೆ ಪೆನಿಸಿಲಿನ್‌ಗೂ ಬಗ್ಗುತ್ತದೋ ಇಲ್ಲವೋ ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿ ಕಳಿಸಿದರು.

ಜಂಗಮಕೋಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಎಲ್ಲರೂ ರೇಷ್ಮೆಹುಳು ಸಾಕುವವರೇ. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯವರೂ ಕೈಕಾಲು ತೊಳೆದೇ ಹೋಗಬೇಕು. ಒಂದು ಹುಳಕ್ಕೆ ರೋಗ ಬಂದರೆ ಹುಳ ಸಾಕುವ ತಟ್ಟೆಗೆ ತಟ್ಟೆಯೇ ಹೋಗುತ್ತದೆ. ಅಮ್ಮ ಅಪ್ಪನ ಕೋಣೆಗೂ ಅದೇ ಕಟ್ಟಳೆ ಮಾಡಿದಳು. ಗೋಡೆಗೆ ಸುಣ್ಣ ಬಳಿದು, ಬಾಗಿಲಲ್ಲಿ ನೀರು, ಸೋಪು ಇಟ್ಟಳು. ನನಗೆ ನೆಗಡಿಯಾದ ವಾರ ನಾನು ಹೊಸಿಲಿನ ಆಚೆ ನಿಂತೇ ಅಪ್ಪನಿಗೆ ಪಾಠ ಓದಿ ಹೇಳಿದೆ.

ಕಷ್ಟವಾದದ್ದು ನೆಂಟರದು. ಕಾಯಿಲೆಯವರನ್ನು ನೋಡಲು ಬಂದು ಪಕ್ಕದಲ್ಲಿ ಕೂತು ಕೈ ಹಿಡಿಯದೆ ಹೋಗುವುದುಂಟೇ? ಅಪ್ಪನ ಅಕ್ಕ, ಚಿಂತಾಮಣಿ ಕಡೆಯ ನಮ್ಮ ಅತ್ತೆ, ಬಸ್ಸಿಳಿದು ಕೆಮ್ಮುತ್ತಲೇ ಬಂದರು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನನ್ನ ತಮ್ಮನ್ನ ನೋಡಕ್ಕೆ ನಿನ್ನ ಅಪ್ಪಣೆ ಬೇಕೇನೆ?"

ಅಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಅತ್ತೆ ಕೆಳಗಿಟ್ಟಿದ್ದ ಚೀಲವನ್ನು ಮತ್ತೆ ಎತ್ತಿಕೊಂಡು, ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದರು.

ಒಳಗಿನಿಂದ ಅಪ್ಪ ಕೂಗಿದ. "ಅಕ್ಕಯ್ಯ, ಬೀಡಿ ಸೇದ್ಕೊಂಡು ಬಂದಿದ್ದೀಯ ಅಂತ ನಿನ್ನ ಹುಳುಮನೆ ಬಾಗಿಲಿಂದ ನನ್ನ ಅಟ್ಟಿದ್ದೆಯಲ್ಲ. ನಾನು ಮುನಿಸ್ಕೊಂಡ್ನಾ?"

ಅತ್ತೆ ಚೀಲವನ್ನು ಮತ್ತೆ ಕೆಳಗಿಟ್ಟರು. "ನಿನ್ನ ಬೀಡಿ ನಾತಕ್ಕೆ ಹುಳ ಸೊಪ್ಪೇ ಮುಟ್ತಿರಲಿಲ್ಲ ಕಣೋ" ಎಂದರು. ಆಮೇಲೆ ಹೊರಗಿನ ಜಗಲಿಯ ಮೇಲೆ ಅಪ್ಪನ ಕೋಣೆಯ ಕಿಟಕಿಗೆ ಬೆನ್ನು ಹಾಕಿ ಕೂತರು. ಕೆಮ್ಮು ಬಂದಾಗ ಎದ್ದು ಬೀದಿಗೆ ಹೋಗಿ ಬರುತ್ತಿದ್ದರು. ಮಧ್ಯಾಹ್ನದ ಬಸ್ಸಿನವರೆಗೂ ಅಕ್ಕ ತಮ್ಮ ಮುಖ ನೋಡದೆ ಮಾತಾಡಿದರು.

ಆ ಚಳಿಗಾಲದಲ್ಲಿ ಅಪ್ಪನಿಗೆ ಬಾಯಿಹುಣ್ಣಾಯಿತು, ಬೆನ್ನಿಗೆ ಕುರು ಎದ್ದಿತು. ಎದೆಗೆ ಮಾತ್ರ ಏನೂ ಬರಲಿಲ್ಲ. ಆಮೇಲೆ ನಾಲ್ಕು ವರ್ಷ ಇದ್ದ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದನ್ನು ಕೇಳಿಸಿಕೊಂಡ. ಆ ವರ್ಷಗಳಿಗಾಗಿ ಡಾಕ್ಟರನ್ನು ನೆನೆಯುವಾಗಲೆಲ್ಲ ಅಮ್ಮನನ್ನೂ ಅತ್ತೆಯನ್ನೂ ನೆನೆಯುತ್ತೇನೆ. ಕೆಮ್ಮು ಹೋದ ಮೇಲೆ ಅತ್ತೆ ಮತ್ತೆ ಬಂದಿದ್ದರು. ಯಾರೂ ಹೇಳದೆಯೇ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಎರಡೂ ಕೈಯನ್ನು ಅಮ್ಮನಿಗೆ ತೋರಿಸಿ ಒಳಗೆ ಹೋದರು.