ಗೋದಾಮಿನಲ್ಲಿ ಓಡಿದ ಹಾಡು

ನನ್ನ ಮೊದಲ ಎರಡು ಆಲ್ಬಮ್‌ಗಳಲ್ಲಿ ಏಕತಾರಿ, ದಿಮ್ಮಡಿ, ತಾಳ ಬಿಟ್ಟರೆ ಬೇರೆ ವಾದ್ಯವಿರಲಿಲ್ಲ. ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಹಾಡುವವಳು ಎಂದೇ ಜನ ನನ್ನನ್ನು ಗುರುತಿಸುತ್ತಿದ್ದರು. ಮೂರನೆಯದಕ್ಕೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಬೇಕೆಂದು ನಿರ್ಧರಿಸಿದಾಗ ಕೇಳುಗರಿಗಿಂತ ನಾನು ಹೆದರಿದ್ದು ಚಿಗವ್ವನಿಗೆ, ಅಂದರೆ ನನ್ನ ತಾಯಿಯ ತಂಗಿಗೆ. ನಾನು ಕಟ್ಟಿದ ಹಾಡುಗಳ ಧಾಟಿಯೆಲ್ಲ ಅವಳಿಂದ ಕಲಿತದ್ದು.

ದುಮ್ಮವಾಡದಲ್ಲಿ ಅವಳ ಮನೆಯ ಹಿಂದಿನ ಖಾಲಿ ಗೋದಾಮಿನಲ್ಲೇ ರೆಕಾರ್ಡಿಂಗ್ ಇಟ್ಟುಕೊಂಡೆವು. ಸದ್ದು ಗುಂಯ್‌ಗುಡದಿರಲೆಂದು ಗೋಡೆಗೆಲ್ಲ ಕೌದಿ ಇಳಿಬಿಟ್ಟಿದ್ದೆವು. ಡ್ರಮ್ಸ್‌ಗೆ ಅಳ್ನಾವರದ ನನ್ನ ಕಾಲೇಜು ಗೆಳೆಯ ಬಂದಿದ್ದ. ಅವನ ಮನೆತನದವರು ಮದುವೆ ಬ್ಯಾಂಡ್ ಬಾರಿಸುವವರು. ಗಿಟಾರ್ ನನ್ನದೇ. ಭತ್ತದ ನಾಟಿಯ ಮೇಲೆ ಬರೆದ ಹಾಡೊಂದು ಮೂರು ದಿನವಾದರೂ ಕೂಡಿಬರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಚಿಗವ್ವ ಚಹಾ ತಂದಳು. ನಾನು ತಂತಿಗಳ ಮೇಲೆ ಅಂಗೈ ಇಟ್ಟು ಸದ್ದಡಗಿಸಿದೆ.

"ಯಾಕ ನಿಲ್ಲಿಸಿದಿ?"

"ನಿನಗ ಗದ್ದಲ ಅನಸ್ತೈತಿ ಅಂತ."

"ಗದ್ದಲದ ಮಾತು ಬಿಡು. ಇಷ್ಟು ಸಾವಕಾಶ ಯಾಕ ಹಾಡಾಕತ್ತಿ? ಹಿಂಗ ಹಾಡ್ಕೋತ ಸಸಿ ಹಚ್ಚಿದ್ರ ಹೊತ್ತು ಮುಳುಗಿದ್ರೂ ಒಂದು ಗದ್ದಿ ಮುಗಿಯೂದಿಲ್ಲ."

"ನೀನ ಹಿಂಗ ಕಲಿಸಿದಿ."

"ಅಡಗಿಮನ್ಯಾಗ ಕುಂತು ಕಲಿಸಿದ್ನಿ. ಹೊಲದಾಗ ಯಾರು ಹಿಂಗ ಹಾಡ್ತಾರ?"

ಸೆರಗು ಸಿಕ್ಕಿಸಿ ಬಾಗಿ, ಸಿಮೆಂಟ್ ನೆಲದ ಮೇಲೆ ಸಸಿ ಊರುವಂತೆ ಕೈ ಆಡಿಸುತ್ತಾ, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಅದೇ ಧಾಟಿಯನ್ನು ಹಾಡತೊಡಗಿದಳು. ನಾವು ಹಿಡಿದಿದ್ದ ವೇಗಕ್ಕೆ ಇಮ್ಮಡಿ.

"ಕಾಕಿ, ಹಂಗ ಹಾಡ್ಕೋತ ಇರ್ರಿ, ನಿಲ್ಲಿಸಬ್ಯಾಡ್ರಿ," ಎಂದ ಗೆಳೆಯ ಅವಳ ಕೈಯನ್ನೇ ನೋಡುತ್ತಾ ಕೋಲು ಎತ್ತಿಕೊಂಡ. ಮೊದಲ ಪೆಟ್ಟೇ ಅವಳ ಹೆಜ್ಜೆಗೆ ಕೂಡಿತು. ನಾನೂ ಗಿಟಾರ್ ಸೇರಿಸಿದೆ. ಹಳೆಯದನ್ನು ಬಿಟ್ಟುಹೋಗುತ್ತಿದ್ದೇನೆ ಎಂದು ಅಳುಕಿದ್ದವಳಿಗೆ ಹೊಲದಲ್ಲಿ ಅದು ಮೊದಲಿನಿಂದಲೂ ಹೀಗೇ ಓಡುತ್ತಿತ್ತೆಂದು ಆಗ ತಿಳಿಯಿತು. ಕಣ್ಣು ತೆರೆದು, ಗಂಟಲು ಬಿಟ್ಟು ಹಾಡಿದೆ. ಎರಡು ಕಡೆ ದನಿ ಒಡೆಯಿತು. ಹಾಗೇ ಇರಲೆಂದು ಬಿಟ್ಟೆವು. ಉಳಿದ ಹಾಡುಗಳ ಓಟವನ್ನೂ ಆ ವಾರದಲ್ಲೇ ಬದಲಿಸಿದೆವು.

ಆಲ್ಬಮ್ ಬಂದಾಗ ಕೆಲವು ಹಳೆಯ ಕೇಳುಗರು ಬೇಸರಪಟ್ಟು ಬರೆದರು. ಚಿಗವ್ವನದೂ ಒಂದು ತಕರಾರಿತ್ತು, ಎರಡನೇ ಹಾಡಿನಲ್ಲಿ ಗಿಟಾರಿನ ಅಬ್ಬರಕ್ಕೆ ಮಾತು ಕೇಳಿಸುವುದಿಲ್ಲವೆಂದು. ಅದು ನಿಜವೇ. ಹೋದ ತಿಂಗಳು ಕಲಘಟಗಿಯಲ್ಲಿ ಮೊದಲ ಸಲ ಎಲ್ಲರೆದುರು ನುಡಿಸಿದಾಗ ಆ ಹಾಡಿಗೆ ಗಿಟಾರ್ ತಗ್ಗಿಸಿದೆ. ನಾಟಿಯ ಹಾಡಿಗೆ ಮುಂದಿನ ಸಾಲಿನ ಹೆಂಗಸರು ಎದ್ದು ನಿಂತು ಚಪ್ಪಾಳೆಯಲ್ಲೇ ತಾಳ ಹಿಡಿದರು. ಚಿಗವ್ವ ವೇದಿಕೆ ಹತ್ತಿ ನನ್ನ ಬಾಜುವಿಗೆ ಬಂದು, "ನನಗೂ ಒಂದು ಮೈಕ್ ಕೊಡ್ರಿ," ಎಂದಳು.